ಬೇಸಿಗೆಯಲ್ಲಿ ಕಹಿಯಾಗದ ಎಲೆ

ಬಹಳ ಹಿಂದೆ, ಮೋಡಗಳು ಕೋಟೆಬಾಗಿಲಲ್ಲಿ ಅಪ್ಪಣೆ ಕೇಳಿ ಒಳಗೆ ಬರುತ್ತಿದ್ದ ಕಾಲದಲ್ಲಿ, ತಂಪೂರು ಎಂಬ ರಾಜ್ಯವಿತ್ತು. ಅಲ್ಲಿ ಅರಸನ ಊಟಕ್ಕೆ ಸೊಪ್ಪು ಬೆಳೆದು ಕೊಡುವ ಬೊಮ್ಮಣ್ಣ, ಅವನ ಹೆಂಡತಿ ಸಾತವ್ವ ಇದ್ದರು. ಮಣ್ಣಲ್ಲಿ ಕೈಯಿಟ್ಟು ಬೆಳೆಯುವವಳು ಸಾತವ್ವ, ಬುಟ್ಟಿ ಹೊತ್ತು ಅರಮನೆಗೆ ಹೋಗಿ ಶಹಬ್ಬಾಸ್ ಅನ್ನಿಸಿಕೊಂಡು ಬರುವವನು ಬೊಮ್ಮಣ್ಣ. ಹೊಗಳಿಬಿಟ್ಟರೆ ಸಾಕು, ಪುಣ್ಯಾತ್ಮ ಊಟ ನಿದ್ದೆ ಎರಡನ್ನೂ ಮರೆಯುತ್ತಿದ್ದ.

ಅವರು ಬೆಳೆಯುತ್ತಿದ್ದ, ಹಸಿಯಾಗಿಯೇ ತಿನ್ನುವ ಲೆಟ್ಯೂಸ್ ಸೊಪ್ಪಿನ ಗುಣ ಗೊತ್ತಲ್ಲ? ಚಳಿಯಲ್ಲಿ ಸಿಹಿ. ಬಿಸಿಲೇರಿದರೆ ನಡುವಿನಿಂದ ಹೂದಂಟು ಎದ್ದು ಎಲೆಯೆಲ್ಲ ಕಹಿ. ಸಾತವ್ವನ ಸೊಪ್ಪು ಮಾತ್ರ ನಡುಬೇಸಿಗೆಯಲ್ಲೂ ಕಹಿಯಾಗುತ್ತಿರಲಿಲ್ಲ. ಎಲ್ಲಕ್ಕಿಂತ ತಡವಾಗಿ ಹೂಬಿಡುವ ಗಿಡವನ್ನು ಅವಳು ಕೊಯ್ಯದೆ ಬೀಜಕ್ಕೆ ಬಿಟ್ಟು, ಮರುವರ್ಷ ಅದನ್ನೇ ಬಿತ್ತುತ್ತಿದ್ದಳು. ಬೇಸಿಗೆಯನ್ನು ಆಳುವ ಉರಿಜಟ್ಟಿ ಎಂಬ ಮಾಂತ್ರಿಕನಿಗೆ ಇದನ್ನು ಕಂಡು ಹೊಟ್ಟೆ ಉರಿಯಿತು. ಬಂದವನೇ ಬೀಜದ ಗಡಿಗೆಯನ್ನು ಸುಟ್ಟ, ಅಡ್ಡ ಬಂದ ಸಾತವ್ವನನ್ನು ಮೊಲ ಮಾಡಿದ.

"ಬೇಸಿಗೆಯಲ್ಲಿ ಕಹಿಯಿಲ್ಲದ ಎಲೆಯನ್ನು ನಿನ್ನ ಕೈಯಿಂದ ತಿನ್ನಿಸು, ಮತ್ತೆ ಹೆಂಗಸಾಗುತ್ತಾಳೆ. ಮೂರು ಬೇಸಿಗೆ ಕಳೆದರೆ ಮೊಲವಾಗಿಯೇ ಇರುತ್ತಾಳೆ," ಎಂದು ಬೊಮ್ಮಣ್ಣನಿಗೆ ಹೇಳಿ ಹೋದ.

ಮೊದಲ ವರ್ಷ ಬೊಮ್ಮಣ್ಣ ಎಲೆಕೋಸಿನ ಹಾಗೆ ಉಂಡೆ ಕಟ್ಟುವ ತಳಿ ಬಿತ್ತಿದ. ನೋಡಲು ಭಾರೀ ಗತ್ತು. ಬೇಸಿಗೆ ಬಂತು, ಉಂಡೆಗಳು ಒಳಗೇ ಕೊಳೆತವು. ಮೊಲ ಮೂಸಿ ನೋಡಿ ಹಿಂದೆ ಸರಿಯಿತು.

ಎರಡನೇ ವರ್ಷ ಕೆಂಪು ಎಲೆಯ ತಳಿ ಬಿತ್ತಿದ. ಪಾತಿಗೆ ಪಾತಿಯೇ ಕೆಂಪಗೆ ತುಂಬಿತು. ಬೀಜದಲ್ಲಿ ಬೆರೆತಿದ್ದ ಒಂದು ಸಾದಾ ಹಸಿರು ಗಿಡವೂ ನಡುವೆ ಎದ್ದಿತ್ತು. ಬೇಸಿಗೆಯಲ್ಲಿ ಕೆಂಪಿಗೆಲ್ಲ ಹೂದಂಟು ಬಂತು, ಕಹಿಯೂ ಬಂತು. ಅಷ್ಟರಲ್ಲಿ ಸೊಪ್ಪು ಬೇಕೆಂದು ಅರಮನೆಯಿಂದ ಕರೆ ಬಂತು. ಬೊಮ್ಮಣ್ಣ ಇದ್ದಬದ್ದದ್ದನ್ನೆಲ್ಲ ಕೊಯ್ದ, ಆದರೂ ಬುಟ್ಟಿ ತುಂಬಲಿಲ್ಲ. ಹಸಿರು ಗಿಡದ ಪಕ್ಕದಲ್ಲಿ ಕೂತಿದ್ದ ಮೊಲವನ್ನು ಆಚೆ ಸರಿಸಿ ಅದನ್ನೂ ಕೊಯ್ದು ಮೇಲೆ ಇಟ್ಟ. ಒಂದು ಚೂರು ಬಾಯಿಗೆ ಹಾಕಿ ನೋಡಲಿಲ್ಲ.

ಅರಸ ಉಂಡು, ಕೆಂಪು ಎಲೆಯೆಲ್ಲ ಕಹಿ ಕಣಯ್ಯ, ಆ ಹಸಿರು ಎಲೆ ಮಾತ್ರ ಬಲು ಸೊಗಸು ಎಂದು ಬೆನ್ನು ತಟ್ಟಿದ. ಬೊಮ್ಮಣ್ಣ ಬುಟ್ಟಿಯನ್ನು ಅಲ್ಲೇ ಬಿಟ್ಟ. ತೋಟಕ್ಕೆ ಓಡಿ ಬಂದು ನೋಡಿದರೆ ಮೋಟು ಬುಡ, ಅದರ ಪಕ್ಕ ಇನ್ನೂ ಅಲುಗದೆ ಕೂತ ಮೊಲ. ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ ಎಂದು ಹಣೆ ಹಣೆ ಚಚ್ಚಿಕೊಂಡು ಅತ್ತ.

ದೇವರು ದೊಡ್ಡವನು, ಬುಡ ಚಿಗುರಿತು. ಬೊಮ್ಮಣ್ಣ ತೆಂಗಿನ ಗರಿಯ ನೆರಳು ಕಟ್ಟಿ ಕಾಪಾಡಿದ. ಚಿಗುರು ಎಲೆಗಳು ಸಣ್ಣವು, ಬಿಸಿಲಿಗೆ ಬೆಂದ ಬುಡದವು, ಕಹಿ. ಮುಟ್ಟದೆ ಬೀಜಕ್ಕೆ ಬಿಟ್ಟ. ಚಳಿಗೆ ಆ ಬೀಜ ಬಿತ್ತಿ, ಬೇಗ ದಂಟು ಎದ್ದ ಗಿಡಗಳನ್ನು ಕಿತ್ತು, ತಡೆದು ನಿಂತವುಗಳನ್ನು ಉಳಿಸಿಕೊಂಡ. ಮೂರನೇ ಬೇಸಿಗೆಗೆ ಅರಮನೆಯವರು ಬುಟ್ಟಿ ಕೇಳಿದರು. ಈ ಸಲ ಒಂದು ಎಲೆಯೂ ಕೊಡಲಾರೆ ಎಂದ. ಅರಸ ಸಿಟ್ಟಾಗಿ ಕೆಲಸದಿಂದ ತೆಗೆದ. ಬೊಮ್ಮಣ್ಣ ಪಾತಿ ಬಿಟ್ಟು ಏಳಲಿಲ್ಲ.

ಆದರೆ ಮನುಷ್ಯರ ನೆನಪು ಮಾಸುತ್ತಿದ್ದ ಮೊಲ ಈಗ ಅವನನ್ನು ಕಂಡರೆ ಪೊದೆಗೆ ಓಡುತ್ತಿತ್ತು. ಎಲೆ ಹಿಡಿದು ದಿನದಿನವೂ ಕುಕ್ಕರಗಾಲಲ್ಲಿ ಕೂತ. ಬೇಸಿಗೆ ಮುಗಿಯುವ ಸಂಜೆ ಅದು ಹಸಿವಿಗೋ ನೆನಪಿಗೋ ಹತ್ತಿರ ಬಂದು ಎಲೆ ತಿಂದಿತು. ಮೊಲ ಇದ್ದಲ್ಲಿ ಸಾತವ್ವ ನಿಂತಿದ್ದಳು. ಮಾಟ ಮುರಿದದ್ದೇ ಅತ್ತ ಉರಿಜಟ್ಟಿ ಬೂದಿಯಾಗಿ ಗಾಳಿಗೆ ಹೋದ.

ಸಾತವ್ವ ನೀರು ಕೇಳಿ ಕುಡಿದಳು. ಆಮೇಲೆ ನಿಧಾನವಾಗಿ ಹೇಳಿದಳು, "ಹೋದ ಬೇಸಿಗೆಯಲ್ಲಿ ಆ ಗಿಡ ತೋರಿಸಬೇಕು ಅಂತಲೇ ಬೆಳಗಿನಿಂದ ಅಲ್ಲಿ ಕೂತಿದ್ದೆ. ನೀವು ನನ್ನ ಮುಖ ನೋಡಲಿಲ್ಲ."

"ಬುಟ್ಟಿ ತುಂಬಿರಲಿಲ್ಲ ಸಾತು," ಎಂದ ಬೊಮ್ಮಣ್ಣ.

ಅವಳು ಮತ್ತೆಂದೂ ಆ ಮಾತು ತೆಗೆಯಲಿಲ್ಲ. ಅರಸನ ಸಿಟ್ಟು ಇಳಿಯಿತು, ಆ ಬೀಜ ಮನೆಮನೆಯ ಹಿತ್ತಿಲಿಗೆ ಹಂಚಿಹೋಯಿತು, ತಂಪೂರಿನವರೆಲ್ಲ ಸುಖವಾಗಿದ್ದರು. ಬೊಮ್ಮಣ್ಣನೂ ಸುಖವಾಗಿಯೇ ಇದ್ದ. ಆದರೆ ಸಾತವ್ವನ ಬಾಳಿನ ಎರಡು ವರ್ಷ ಮಾಂತ್ರಿಕ ಕಿತ್ತುಕೊಂಡದ್ದು, ಕೊನೆಯ ಒಂದು ವರ್ಷ ತಾನೇ ಕೊಯ್ದು ಕೊಟ್ಟದ್ದು ಎಂಬುದು ಸಾಯುವವರೆಗೂ ಅವನಿಗೆ ಗೊತ್ತಿತ್ತು.