ನಲವತ್ತು ನಿಮಿಷದ ದಾರಿ

ಗಂಟೆ ನಾಲ್ಕು ಹತ್ತು. ಶೈಲಜಾ ಮತ್ತೊಮ್ಮೆ ಬಾಗಿಲಿಗೆ ಬಂದು ರಸ್ತೆ ನೋಡಿದಳು.

ಭಾನುವಾರ ನಾಲ್ಕೂವರೆಗೆ ರಾಹುಕಾಲ ಶುರು. ಆಮೇಲೆ ಆರರವರೆಗೆ ಕಮಲಾಪುರದ ಈ ಮನೆಯಲ್ಲಿ ಮದುವೆ ಮಾತು ಎತ್ತುವಂತಿಲ್ಲ, ಫೋನಿನಲ್ಲೂ ಇಲ್ಲ. ಅಷ್ಟರೊಳಗೆ ಅವಳು ಮೆಚ್ಚಿದ ತಿಪ್ಪೇಶ್ ಬಂದು ಹೆಣ್ಣು ಕೇಳಬೇಕು. ಬರದಿದ್ದರೆ ಅಪ್ಪ ಮರುಳಸಿದ್ದಪ್ಪ ರಾಹುಕಾಲಕ್ಕೆ ಮೊದಲೇ ಕಂಪ್ಲಿಯ ರೈಸ್ ಮಿಲ್ಲಿನವರ ಸಂಬಂಧಕ್ಕೆ ಫೋನಿನಲ್ಲಿ ಹೂಂ ಅಂದುಬಿಡುತ್ತಾನೆ.

ತಿಪ್ಪೇಶ್ ಎಮ್ಮಿಗನೂರಿನವನು, ಕಲಬುರಗಿಯಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್. ಬೆಳಿಗ್ಗೆಯಿಂದ ಅವನ ಫೋನ್ ಸ್ವಿಚ್ ಆಫ್.

"ಎಲ್ಲಿ, ನಿಮ್ಮ ವಿಮಾನದ ಸಾಹೇಬ್ರು ಇನ್ನಾ ಬರಲಿಲ್ಲ?" ಅಪ್ಪ ಕೇಳಿದ.

"ಯಾವ ವಿಮಾನ?"

"ಮೊನ್ನೆ ಫೋನ್ ಮಾಡಿದ್ದ. ಕಲಬುರಗಿಯಿಂದ ತೋರಣಗಲ್ಲ ಏರ್‌ಪೋರ್ಟಿಗೆ ನಲವತ್ತ ನಿಮಿಷ ರೀ, ಮೂರಕ್ಕ ನಿಮ್ಮ ಮನಿ ಮುಂದ ಇರ್ತೀನಿ ಅಂದ. ಹೊಸಪೇಟ್ಯಾಗ ಟ್ರಾವೆಲ್ಸ್ ಆಫೀಸಿನ್ಯಾಗ ದಿನಾ ಟಿಕೆಟ್ ಬುಕ್ ಮಾಡಾಕಿ ನೀನು. ಖರೇ ಹೇಳು, ಆ ವಿಮಾನ ಐತೇನು?"

ಅಯ್ಯೋ ಹುಚ್ಚ ತಿಪ್ಪೇಶಾ! ನನ್ನನ್ನೊಂದು ಮಾತು ಕೇಳೋದಕ್ಕೇನಾಗಿತ್ತು? ಇಲ್ಲ ಎಂದರೆ ಅವನು ಸುಳ್ಳುಗಾರನಾಗುತ್ತಾನೆ. ಐತಿ ಎಂದರೆ ತಾನೇ ಅಪ್ಪನಿಗೆ ಸುಳ್ಳು ಹೇಳಿದಂತೆ.

"ಇಲ್ಲಪ್ಪ."

ಅಪ್ಪನ ಕೈ ಫೋನಿಗೆ ಹೋಯಿತು. ನಾಲ್ಕು ಹದಿನೆಂಟು.

"ತಡಿಯಪ್ಪ, ಪೂರಾ ಕೇಳು!" ಶೈಲಜಾ ಫೋನಿನ ಮೇಲೆ ಕೈ ಇಟ್ಟಳು. ಆಫೀಸಿನಲ್ಲಿ ತಲೆ ತಿನ್ನುವ ಗಿರಾಕಿಗಳಿಗೆ ಹೇಳುವಂತೆ ನಿಧಾನಕ್ಕೆ ಶುರುಮಾಡಿದಳು. "ಮೊಬೈಲ್‌ನ್ಯಾಗ ಎರಡೂರಿನ ಹೆಸರು ಹಾಕಿದ್ರ ಆಕಾಶದಾಗ ದಾರ ಹಿಡದಂಗ ಅಳದು ಹೇಳ್ತದ. ಇನ್ನೂರ ನಲವತ್ತ ಕಿಲೋಮೀಟರ್, ನಲವತ್ತ ನಿಮಿಷ. ವಿಮಾನ ಹಾರ್ತದೋ ಇಲ್ಲೋ, ಅದಕ್ಕ ಗೊತ್ತಿಲ್ಲ. ಹಾರಲೇಬೇಕಂದ್ರ ಬ್ಯಾರೆ ಊರು ಸುತ್ತಬೇಕು. ಅಲ್ಲಿ ಇಳಿಬೇಕು, ಕಾಯಬೇಕು, ಮತ್ತ ಚೆಕ್ ಮಾಡಿಸ್ಬೇಕು..."

ಹೇಳುತ್ತಲೇ ಹೋದಳು. ಬ್ಯಾಗಿನ ತೂಕವನ್ನೂ ಬಿಡಲಿಲ್ಲ.

"ಸಾಕು ಮಾರಾಯ್ತಿ! ಅವನು ಸುಳ್ಳು ಹೇಳ್ಯಾನ, ಅಷ್ಟ."

"ಸುಳ್ಳಲ್ಲಪ್ಪ, ತಿಳೀದಿರೋದು. ಅಂವ ಒಮ್ಮೆನೂ ವಿಮಾನ ಹತ್ತಿಲ್ಲ." ಫೋನಿನ ಮೇಲಿನ ಕೈ ತೆಗೆದಳು. "ನನಗ ಅಂವನ ಬೇಕು. ಇವತ್ತ ಬರಲಿ, ಬಿಡಲಿ."

ಅಪ್ಪ ಅವಳನ್ನೇ ನೋಡಿದ. ಆಮೇಲೆ ಗಡಿಯಾರ ನೋಡಿದ. ನಾಲ್ಕು ಮೂವತ್ತೆರಡು.

"ಭಾರಿ ಇದ್ದೀಯವ್ವ," ಎಂದು ಫೋನ್ ಕೆಳಗಿಟ್ಟ.

ಐದು ಹತ್ತಕ್ಕೆ ತಿಪ್ಪೇಶ್ ಬಂದ. ತಲೆತುಂಬ ಧೂಳು, ಇಸ್ತ್ರಿ ಅಂಗಿ ಮುದ್ದೆಯಾಗಿತ್ತು. ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಕೈ ಎತ್ತಿದ. "ರಾಹುಕಾಲ. ಕುಂದರು."

ಐವತ್ತು ನಿಮಿಷ ಕಟ್ಟೆಯ ಮೇಲೆ ಕೂತ. ನೀರು ಕೊಡಲು ಬಂದ ಶೈಲಜಾ ಸದ್ದಿಲ್ಲದೆ ತುಟಿಯಲ್ಲೇ "ಹುಚ್ಚ" ಅಂದಳು. ಅವನು ಕಣ್ಣು ಕೆಳಗೆ ಹಾಕಿದ. ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು.

ಆರು ಹೊಡೆಯಿತು.

"ಹೇಳು," ಅಪ್ಪ ಅಂದ.

"ತಪ್ಪಾತ್ರೀ. ಏರ್‌ಪೋರ್ಟ್‌ನ್ಯಾಗ ಬಸ್ಸಿನಂಗ ಟಿಕೆಟ್ ಕೊಡ್ತಾರಂತ ಹೋದೆ. ಗೇಟಿನವ ನಕ್ಕ. ಅಲ್ಲಿಂದ ಬಸ್ ಹತ್ತಿದೆ. ದಾರ್ಯಾಗ ಬಸ್ಸು ಕೆಟ್ಟಿತು, ಫೋನೂ ಸತ್ತಿತು. ಶೈಲಜಾಗ ಸರ್ಪ್ರೈಸ್ ಕೊಡಬೇಕಂತ ಆಕಿನ್ನ ಕೇಳಿರಲಿಲ್ಲ."

"ನನ್ನ ಮಗಳನ್ನ ಕಲಬುರಗಿಗೆ ಕರ್ಕೊಂಡು ಹೋದ್ರ, ನಾ ಆಕಿನ್ನ ನೋಡಾಕ ಬರಬೇಕಂದ್ರ ಎಷ್ಟು ಹೊತ್ತು?"

ತಿಪ್ಪೇಶ್ ತಲೆ ಎತ್ತಿದ. "ಬಸ್ಸಿಗೆ ಏಳು ತಾಸು ರೀ. ಕೆಟ್ರ ಎಂಟು."

ಮರುಳಸಿದ್ದಪ್ಪ ಮಗಳ ಕಡೆ ತಿರುಗಿದ. ಶೈಲಜಾ ಬಾಗಿಲ ಚೌಕಟ್ಟು ಗಟ್ಟಿಯಾಗಿ ಹಿಡಿದಿದ್ದಳು.

"ಹಂಗಾದ್ರ ಹಬ್ಬಕ್ಕ ಇಲ್ಲಿಗೆ ಬರಾಕ ಒಂದಿನ ಮೊದಲ ಹೊರಡ್ರಿ," ಅಂದ ಅಪ್ಪ, "ಇಬ್ರೂ."