ಅರಗು ಆರುವ ತನಕ

"ಅಲ್ಲೇ ನಿಲ್ಲಿ! ಒಳಗೆ ಬರ್ಬೇಡಿ!"

ಕಾಲೇಜಿನ ಹಿಂದಿನ ಶೆಡ್ಡಿನ ಬಾಗಿಲಲ್ಲೇ ಅಂಬುಜಾ ನಿಂತುಬಿಟ್ಟಳು. ಒಳಗೆ ಹೊಗೆಯೋ ಹೊಗೆ. ಒಲೆಯ ಮೇಲೆ ಏನೋ ಕೊತಕೊತ ಕುದಿಯುತ್ತಿತ್ತು, ಹೊಟ್ಟೆ ತೊಳೆಸುವಂಥ ನಾತ. ಒಲೆಯ ಮುಂದೆ ಕೂತಿದ್ದ ಆಸಾಮಿ ಅವಳನ್ನು ಕಂಡದ್ದೇ ತಡ, ಹಾವು ಕಂಡವನ ಹಾಗೆ ಎದ್ದು ಎರಡು ಕೈಯನ್ನೂ ಅಡ್ಡ ಹಿಡಿದ.

ಅವನ ಕಣ್ಣು ಅವಳ ಬರಿ ಹಣೆಯ ಮೇಲೆ ನಿಂತಿತ್ತು. ಹಾಗಂತ ಅವಳಿಗೆ ಅನ್ನಿಸಿತು.

'ಓ... ಇವರೂ ಅಷ್ಟೇ. ವಿಧವೆ ಎದುರು ಬಂದಳು ಅಂತ.'

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕಣ್ಣೀರು ಹಾಕುತ್ತಿದ್ದರು, ಇಲ್ಲವೇ ನಾಲ್ಕು ಮಾತು ಜಾಡಿಸುತ್ತಿದ್ದರು. ಅಂಬುಜಾ ಎರಡನ್ನೂ ಮಾಡಲಿಲ್ಲ. ಮದುವೆಯಾದ ವರ್ಷದೊಳಗೇ ಗಂಡ ಜ್ವರದಲ್ಲಿ ಹೋದ ಮೇಲೆ ಅವಳಿಗೆ ಏನೂ ಅನ್ನಿಸುತ್ತಲೇ ಇರಲಿಲ್ಲ ಕಣ್ರೀ. ಕಾಫಿ ಕುಡಿದರೆ ಬಿಸಿ ಅಂತ ಗೊತ್ತಾಗುತ್ತಿತ್ತು, ರುಚಿ ಗೊತ್ತಾಗುತ್ತಿರಲಿಲ್ಲ. ಅತ್ತುಬಿಡು, ಹಗುರಾಗುತ್ತೆ ಅಂತ ಊರೆಲ್ಲ ಬುದ್ಧಿ ಹೇಳಿತು. ಅಳುವೇ ಬರದಿದ್ದರೆ ಏನು ಮಾಡೋದು ಹೇಳಿ!

"ಚಿತ್ರ ಬರೆಯೋ ಕೆಲಸಕ್ಕೆ ಬಂದಿದೀನಿ. ಪ್ರೊಫೆಸರು ಕಳಿಸಿದ್ರು," ಅಂದಳು.

"ಗೊತ್ತು. ನೀವು ಹೊರಗೆ ಆ ಮೇಜಿನ ಹತ್ರ ಕೂತ್ಕೊಳ್ಳಿ. ಕಲ್ಲುಗಳನ್ನ ನಾನೇ ತರ್ತೀನಿ."

ತಂದ. ಅವಳು ಕೈ ಚಾಚಿದಳು. ಅವನು ಅವಳ ಕೈಗೆ ಕೊಡದೆ ಮೇಜಿನ ತುದಿಯಲ್ಲಿಟ್ಟು ಹಿಂದೆ ಸರಿದ.

ಅವನ ಹೆಸರು ಮಹದೇವು. ನಂಜನಗೂಡಿನ ಕಡೆಯ ಬೇಸಾಯದ ಮನೆಯವನು, ಪ್ರಾಕ್ತನಶಾಸ್ತ್ರ ಓದಿ ಸಂಶೋಧನೆಗೆ ಕೂತವನು. ಅದು ಐವತ್ತೆಂಟನೇ ಇಸವಿ. ಕಬ್ಬಿಣ ಕಾಣದ ಕಾಲದ ಜನ ಉಗುರಗಲದ ಕಲ್ಲಿನ ಅಲಗುಗಳನ್ನು ಮರದ ಹಿಡಿಗೆ ಏನು ಹಚ್ಚಿ ಅಂಟಿಸುತ್ತಿದ್ದರು ಅನ್ನೋದೇ ಅವನ ತಲೆಗೆ ಹೊಕ್ಕ ಹುಳ. ನೆಲ ಅಗೆದಾಗ ಸಿಕ್ಕ ಕೆಲವು ಅಲಗುಗಳ ಬೆನ್ನಿಗೆ ಕಪ್ಪು ಕಲೆ ಇತ್ತು. ಮರದ ರಾಳವೋ? ಅರಗೋ? ಜೇನುಮೇಣವೋ? ಚರ್ಮ ಬೇಯಿಸಿದ ಅಂಟೋ? ಕಾಡಂಚಿನ ಬುಡಕಟ್ಟಿನವರ ಹಾಡಿಗಳನ್ನು ಅಲೆದು, ಬಾಣಕ್ಕೆ ಮೊನೆ ಹೇಗೆ ಕೂರಿಸ್ತೀರಿ, ಕತ್ತಿಗೆ ಹಿಡಿ ಹೇಗೆ ಹಾಕ್ತೀರಿ ಅಂತ ಕೇಳಿಕೊಂಡು ಬಂದು, ಅದನ್ನೆಲ್ಲ ಶೆಡ್ಡಿನಲ್ಲಿ ಕಾಯಿಸಿ ನೋಡುತ್ತಿದ್ದ.

ಅಂಬುಜಾ ಆ ಕಲ್ಲುಗಳ ಚಿತ್ರ ಬರೆಯುತ್ತಿದ್ದಳು. ಅವಳ ಗೆರೆ ಒಂದಿಷ್ಟೂ ನಡುಗುತ್ತಿರಲಿಲ್ಲ. ನಡುಗೋದಕ್ಕೆ ಒಳಗೆ ಏನಾದರೂ ಇರಬೇಕಲ್ಲ!

ತಿಂಗಳುಗಳು ಉರುಳಿದವು. ಅವನು ಒಂದು ದಿನವೂ ಅವಳ ಕೈಗೆ ಏನನ್ನೂ ಕೊಡಲಿಲ್ಲ. ಹೊಸ ಅಂಟು ಕಾಯಿಸೋದನ್ನೆಲ್ಲ ಅವಳು ಬರೋದರೊಳಗೆ ಮುಗಿಸಿರುತ್ತಿದ್ದ. ಆದರೆ ಬಿಸಿಲು ಸರಿದ ಹಾಗೆಲ್ಲ ಸದ್ದಿಲ್ಲದೆ ಬಂದು ಅವಳ ಮೇಜನ್ನು ನೆರಳಿಗೆ ಎಳೆಯುತ್ತಿದ್ದ. ರಾಳ ಹೊತ್ತಿಕೊಂಡು ಅರ್ಧ ಮೀಸೆ ಸುಟ್ಟುಕೊಂಡ ದಿನ ಅವಳ ಎದುರಿಗೇ ಬಂದು, "ಇದರದ್ದೂ ಒಂದು ಚಿತ್ರ ಬರೀರಿ," ಅಂದ. ಅವಳ ತುಟಿ ಒಂದಿಷ್ಟು ಅಲುಗಿತು. ಅಷ್ಟೇ.

'ಕೆಟ್ಟವರಲ್ಲ. ಆದರೂ ನನ್ನ ಕೈ ಬೇಡ,' ಅಂದುಕೊಂಡು ಮತ್ತೆ ಚಿತ್ರಕ್ಕೆ ತಲೆ ಬಗ್ಗಿಸಿದಳು.

ಒಂದು ಶುಕ್ರವಾರ ಅವನು ಮೇಜಿನ ಮುಂದೆ ಬಂದು ನಿಂತ.

"ಪುಣೆಯಲ್ಲಿ ಕೆಲಸ ಸಿಕ್ಕಿದೆ, ಅಂಬುಜಮ್ಮನವರೇ. ಸೋಮವಾರ ಒಪ್ಪಿಗೆ ತಿಳಿಸ್ಬೇಕು. ಹೋದ್ರೆ... ಹೋದ ಹಾಗೇ."

"ಒಳ್ಳೇದಾಯ್ತಲ್ಲ."

"ನೀವೇನೂ ಹೇಳಲ್ವಾ?"

"ನಾನೇನು ಹೇಳ್ಲಿ?"

ಅವನು ತಿರುಗಿ ಒಳಗೆ ಹೋದ.

ಆ ರಾತ್ರಿ ಕೃಷ್ಣಮೂರ್ತಿಪುರದ ಅಪ್ಪನ ಮನೆಯಲ್ಲಿ ಊಟಕ್ಕೆ ಕೂತಾಗ ಸೋದರತ್ತೆ ಸುಂದರಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ, ಸಾರನ್ನಕ್ಕೆ ಮಜ್ಜಿಗೆ ಸುರ್ಕೊಂಡೆಯಲ್ಲೇ! ಎಲ್ಲಿದೆ ನಿನ್ನ ಜ್ಞಾನ?"

ಅಂಬುಜಾ ಅದನ್ನೇ ಕಲಸಿಕೊಂಡು ಉಂಡಳು. ಎಲ್ಲಿದೆ ಅಂತ ಅವಳಿಗೂ ಗೊತ್ತಿರಲಿಲ್ಲ.

ಮರುದಿನ ಕೊನೆಯ ಕೆಲಸ ಅಂತ ಇಬ್ಬರೂ ನಜರ್‌ಬಾದಿನ ಕೆಂಚಮ್ಮನ ಮನೆಗೆ ಹೋದರು. ಕೆಂಚಮ್ಮ ಕುಡುಗೋಲು, ಚೂರಿಗಳಿಗೆ ಹಿಡಿ ಹಾಕುವವಳು. ಅರಗು ಕರಗಿಸಿ, ಇಟ್ಟಿಗೆ ಪುಡಿ ಬೆರೆಸಿ, ಬಿಸಿಯಲ್ಲೇ ಹುಯ್ದು ಅಲಗು ಕೂರಿಸುತ್ತಿದ್ದಳು. ಬಾಯಿ ಮಾತ್ರ ಆ ಅರಗಿಗಿಂತ ಬಿಸಿ. ಅವಳ ಒಲೆಯಲ್ಲೇ ಅವಳ ಅರಗಿನಿಂದ ಕಲ್ಲಿನ ಅಲಗುಗಳನ್ನು ಮರಕ್ಕೆ ಕೂರಿಸಿ ನೋಡಬೇಕು ಅಂತ ಮಹದೇವು ಬಂದಿದ್ದ.

ಅವನು ಮರದ ಹಿಡಿಯನ್ನು ಮಂಡಿಯ ನಡುವೆ ಒತ್ತಿಕೊಂಡು, ಒಂದು ಕೈಲಿ ಅರಗು ಹುಯ್ದು, ಇನ್ನೊಂದು ಕೈಲಿ ಕಲ್ಲು ಕೂರಿಸಲು ಹೋದ. ಹಿಡಿ ಜಾರಿತು. ಕಲ್ಲು ಬಿತ್ತು. ಮತ್ತೆ ಹುಯ್ದ. ಮತ್ತೆ ಬಿತ್ತು!

ಕೆಂಚಮ್ಮನಿಗೆ ರೇಗಿತು. "ಲೇ ಮಾದೇವು, ಇದು ಒಂಟಿ ಕೈ ಕೆಲ್ಸ ಅಲ್ಲ ಕಣ್ಲಾ! ಆವಮ್ಮ ಸುಮ್ನೆ ಕೂತವ್ರಲ್ಲ, ಹಿಡೀನ ಅವ್ರ ಕೈಗೆ ಕೊಡು. ಕೊಡಕ್ಕೆ ಏನ್ ರೋಗ ನಿಂಗೆ?"

"ಬೇಡ ಬುಡವ್ವ... ಅವ್ರು ಮಡಿಯೋರು. ನನ್ನದು ಬೆಳಿಗ್ಗೆ ಚರ್ಮ ಬೇಯಿಸಿದ ಕೈ."

ಅಂಬುಜಾ ತಲೆ ಎತ್ತಿದಳು.

"ಏನಂದ್ರಿ?"

ಅವನು ಮುಖ ತಗ್ಗಿಸಿದ. "ಕಲ್ಲು ಕೊಡೋಕೆ ಒಂದ್ಸಲ ನಿಮ್ಮನೆಗೆ ಬಂದಿದ್ದೆ. 'ಅವಳ ಕೈಗೆ ಕೊಡಬೇಡಪ್ಪಾ, ಅಲ್ಲೇ ಇಡು' ಅಂದ್ರು ನಿಮ್ಮ ಸೋದರತ್ತೆ. ನಾನು ಕೂತಿದ್ದ ಜಗಲಿಗೆ ಆಮೇಲೆ ನೀರು ಹಾಕಿದ್ದೂ ಕಾಣಿಸ್ತು. ನಿಮಗೆ ತೊಂದರೆ ಆಗಬಾರದು ಅಂತ..."

"ಮೊದಲನೇ ದಿನ? ಒಳಗೆ ಬರಬೇಡಿ ಅಂತ ಕೂಗಿದ್ರಲ್ಲ?"

"ಅವತ್ತು ಒಲೆ ಮೇಲೆ ಎಮ್ಮೆ ಚರ್ಮ ಇತ್ತು, ನನ್ನ ಕೈಗೂ ಮೆತ್ತಿತ್ತು! ಬ್ರಾಹ್ಮಣರ ಮನೆ ಹೆಣ್ಣುಮಗಳು ಒಳಗೆ ಕಾಲಿಟ್ಟರೆ ಗತಿ ಏನು ಅಂತ ಎದೆ ಹಾರಿಹೋಯ್ತು."

"ನಾನು ವಿಧವೆ ಅಂತ ಅಲ್ವಾ?"

ಮಹದೇವು ಬೆಪ್ಪಾದ. "ಏನು?! ಇಷ್ಟು ದಿನ ಹಾಗಂದ್ಕೊಂಡು ನನ್ನ ಜೊತೆ ಕೆಲಸ ಮಾಡಿದ್ರಾ? ಅಯ್ಯೋ ದೇವರೇ... ಬೈಬಾರದಿತ್ತಾ ನನಗೆ!"

'ಬೈಯೋಕೆ ಸಿಟ್ಟು ಬರಬೇಕಲ್ಲ,' ಅಂದುಕೊಂಡಳು.  ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡು ಕೈಯನ್ನೂ ಮುಂದೆ ಚಾಚಿದಳು.

"ಕೊಡಿ."

ಅವನು ಕೊಟ್ಟ. ಅವಳು ಹಿಡಿದಳು. ಅವನು ಅರಗು ಹುಯ್ದು, ಒಂದೊಂದೇ ಕಲ್ಲು ಕೂರಿಸಿ, ಹೆಬ್ಬೆರಳಲ್ಲಿ ಒತ್ತುತ್ತ ಹೋದ. ಅವನ ಬೆರಳು ಅವಳ ಬೆರಳಿಗೆ ತಾಗುತ್ತಿತ್ತು. ಏನೂ ಅನ್ನಿಸಲಿಲ್ಲ ಅಂತಲೇ ಅವಳು ಅಂದುಕೊಂಡಳು.

ಅಷ್ಟರಲ್ಲಿ ಕುದಿಯುವ ಅರಗಿನ ಹನಿಯೊಂದು ಅವಳ ಹೆಬ್ಬೆರಳ ಮೇಲೆ ಬಿತ್ತು.

"ಅಯ್ಯೋ! ಬಿಡಿ, ಕೈ ಬಿಡಿ!" ಮಹದೇವು ಕಿರುಚಿದ.

ಅವಳು ಬಿಡಲಿಲ್ಲ. "ಇನ್ನೂ ಆರಿಲ್ಲ. ಬಿಟ್ರೆ ಕಲ್ಲು ಬೀಳುತ್ತೆ."

"ಬಿದ್ರೆ ಬೀಳಲಿ! ಕಲ್ಲಿಗೇನು ಬರವಾ?"

"ಉರೀತಿದೆ," ಅಂದಳು ಅಂಬುಜಾ, ಆಶ್ಚರ್ಯದಿಂದ. "ಮಹದೇವು ಅವರೇ... ಉರೀತಿದೆ!"

ಅಷ್ಟೇ, ಕಟ್ಟೆ ಒಡೆಯಿತು. ಗಂಡನ ಹೆಣದ ಮುಂದೆ ಬಾರದ ಅಳು, ಬಳೆ ಒಡೆದಾಗ ಬಾರದ ಅಳು ನಜರ್‌ಬಾದಿನ ಒಲೆಯ ಮುಂದೆ ಬಿಕ್ಕಿ ಬಿಕ್ಕಿ ಬಂತು. ಅವನು ಗಾಬರಿಬಿದ್ದು ಕೆಂಚಮ್ಮನ ಕಡೆ ನೋಡಿದ.

"ಅಳ್ಳಿ ಬುಡು. ಯಾವ ಕಾಲದ್ದೋ ಏನೋ," ಅನ್ನುತ್ತ ಕೆಂಚಮ್ಮ ತಣ್ಣೀರು ತರಲು ಎದ್ದು ಹೋದಳು.

ಅರಗು ಆರಿತು. ಕಲ್ಲುಗಳು ಅಲುಗಲಿಲ್ಲ. ಅವಳು ಹಿಡಿಯನ್ನು ಕೆಳಗಿಟ್ಟಳು. ಅವನು ಅವಳ ಕೈಯನ್ನು ತಣ್ಣೀರಿನ ಪಾತ್ರೆಯಲ್ಲಿ ಅದ್ದಿ ಹಾಗೇ ಹಿಡಿದುಕೊಂಡ.

"ಪುಣೆಗೆ ಹೋಗ್ಬೇಡಿ," ಅಂದಳು.

"ಯಾಕೆ?"

"ನೀವು ಹೋದ್ರೆ ನನಗೇನೂ ಅನ್ಸಲ್ಲ ಅಂದ್ಕೊಂಡಿದ್ದೆ. ಅನ್ಸುತ್ತೆ. ನೋಯುತ್ತೆ."

"ನಿಮ್ಮ ಬಾಯಿಂದ ಅದೊಂದು ಮಾತು ಬರಲಿ ಅಂತ ಎಷ್ಟು ಕಾದೆ! ನನಗೆ ನೀವು ಬೇಕು, ಅಂಬುಜಾ. ಆದರೆ ನಿಮ್ಮನೇಲಿ..."

"ಅತ್ತೆ ಬಾಗಿಲು ಹಾಕ್ಕೋತಾರೆ. ಅಪ್ಪನ ಹತ್ರ ನಾನೇ ಮಾತಾಡ್ತೀನಿ. ಅವರೂ ಬೇಡ ಅಂದ್ರೆ..." ಅವಳು ಒಂದು ಕ್ಷಣ ಉಸಿರು ಹಿಡಿದಳು. "ಬೇಡ ಅಂದ್ರೂ ಬರ್ತೀನಿ."

ಅವನ ಕಣ್ಣಲ್ಲೂ ನೀರು. ಅವಳು ಅದನ್ನೇ ನೋಡುತ್ತ ಮೆಲ್ಲಗೆ ಅಂದಳು, "ಆದರೆ ಪ್ರೀತಿ ಗೀತಿ ಅಂತ ಹೇಳೋಕೆ ನನಗೆ ಇನ್ನೂ ಬರ್ತಿಲ್ಲ. ಒಳಗೆಲ್ಲ ಇನ್ನೂ ಮರಗಟ್ಟಿದ ಹಾಗೇ ಇದೆ. ಎಷ್ಟು ದಿನ ಹಿಡಿಯುತ್ತೋ ಏನೋ..."

"ನಿಧಾನವಾಗಿ ಹೇಳಿ," ಅಂದ ಮಹದೇವು. "ನಾನೇನು ಪುಣೆಗೆ ಹೋಗ್ತಿಲ್ಲವಲ್ಲ."