ತಂಬಾಕು ವಖಾರಿಯ ಮೊಳೆ

"ಆ ಮೊಳಿ ಕೀಳಬ್ಯಾಡ್ರಿ ಬಾಯಾರ," ಎಂದಳು ಅಕ್ಕುತಾಯಿ. "ಈ ವಖಾರಿ ಸಲುವಾಗಿ ಮಾಲಕರ ಅಣ್ಣತಮ್ಮರ ಜಗಳದಾಗ ಮಾಟ ಮಾಡಿಸಿ ಬಡದಿದ್ದು. ಕಿತ್ತವರ ಕೈ ಅವರ ಮಾತ ಕೇಳೂದಿಲ್ಲ."

ಮನೀಷಾ ನಕ್ಕಳು. "ಮಾವಶಿ, ನನ್ನ ಕೈ ನನ್ನ ಮಾತ ಕೇಳತೈತಿ. ನೀ ಕಸಾ ಹೊಡಿ."

ಚಿಕ್ಕೋಡಿಯವಳಾದ ಮನೀಷಾ ಪುಣೆಯಲ್ಲಿ ಒಳಾಂಗಣ ವಿನ್ಯಾಸ ಕಲಿತು ಬಂದವಳು. ತಂಬಾಕು ದಾಸ್ತಾನಿಡುತ್ತಿದ್ದ ನಿಪ್ಪಾಣಿಯ ಈ ಹಳೆಯ ವಖಾರಿಯನ್ನು ಲೌಂಜ್ ಬಾರ್ ಆಗಿಸುವುದು ಅವಳ ಮೊದಲ ದೊಡ್ಡ ಕೆಲಸ. ಕಿಟಕಿಗಳಿಗೆಲ್ಲ ಪ್ಲೈವುಡ್ ಬಡಿಸಿ, ಗೋಡೆಗಳಿಗೆ ಕಪ್ಪು ಬಣ್ಣ ಬಳಿಸಿದ್ದಳು. ಹೊರಗೆ ಮಟಮಟ ಮಧ್ಯಾಹ್ನ. ಒಳಗೆ ಒಂದೇ ಬಲ್ಬಿನ ಬೆಳಕು. ಎಷ್ಟು ಬಣ್ಣ ಬಳಿದರೂ ಹಳೆ ತಂಬಾಕಿನ ಘಾಟು ಮೂಗಿನಿಂದ ಇಳಿದು ಗಂಟಲು ಕೆರೆಯುತ್ತಿತ್ತು.

ಹಿಂದಿನ ಗೋಡೆಗೆ ಉದ್ದಕ್ಕೂ ಕನ್ನಡಿ ಬರಬೇಕಿತ್ತು. ಅದರ ನಟ್ಟನಡುವೆ ಆ ಮೊಳೆ. ಗೇಣುದ್ದದ ಕಬ್ಬಿಣ, ಸುತ್ತಿದ ಕರಿದಾರ, ಜಡೆಗಟ್ಟಿದ ಕೂದಲು.

ಪ್ಲೈವುಡ್ ಕೊಯ್ಯುತ್ತಿದ್ದ ಬಡಿಗ ರಾಜಾರಾಮ ಅವಳು ಕರೆದಾಗ ಗರಗಸದ ಯಂತ್ರ ಆರಿಸದೆ ಹಾಗೇ ಬಂದ. ಮೊಳೆ ನೋಡಿ ಹಿಂದೆ ಸರಿದ. "ನನ್ನ ಕಡಿಂದ ಆಗೂದಿಲ್ರಿ, ಮೇಡಂ."

ಅವನ ಸುತ್ತಿಗೆ ಕಸಿದುಕೊಂಡು ಮನೀಷಾ ತಾನೇ ಮೊಳೆ ಮೀಟಿದಳು.

ಹಸಿ ಮಾಂಸದೊಳಗಿಂದ ಬಂದಂತೆ ಅದು ಜಾರಿ ಬಂತು. ತೂತಿನಿಂದ ಸುಟ್ಟ ಕೂದಲಿನ ವಾಸನೆ ನುಗ್ಗಿತು. ಗೋಡೆಯ ಒಳಗೆ ಯಾರೋ ಉಸಿರೆಳೆದುಕೊಂಡರು.

ಸುತ್ತಿಗೆ ಹಿಡಿದ ಬೆರಳುಗಳು ಬಿಗಿದವು. ಬಿಡಿಸಲು ನೋಡಿದಳು. ಆಗಲಿಲ್ಲ.

"ರಾಜಾರಾಮ, ನನ್ನ ಕೈ..."

ಅವನು ಬಿಡಿಸಲು ಬಂದ. ಕೈ ಬೀಸಿತು. ಹಸಿ ಕಬ್ಬು ಮುರಿದಂಥ ಸದ್ದು. ಅವನು ಮೊಣಕಾಲೂರಿದ. ಕೈ ಮತ್ತೆ ಬೀಸಿತು. ಮನೀಷಾ ಚೀರುತ್ತಿದ್ದಳು. ಬೆಚ್ಚನೆಯ ರಕ್ತ ಅವಳ ತುಟಿಗೆ ಸಿಡಿಯಿತು. ಕೈ ನಿಲ್ಲಲಿಲ್ಲ. ರಾಜಾರಾಮ ಅಲುಗಾಡುವುದನ್ನು ನಿಲ್ಲಿಸಿದ. ಆಗಲೂ ನಿಲ್ಲಲಿಲ್ಲ.

ಬಾಗಿಲ ಕಡೆ ಓಡಿದ ಅಕ್ಕುತಾಯಿ ಹಲಗೆ ಎಡವಿ ಬಿದ್ದಳು. ಕೈ ಅತ್ತ ತಿರುಗಿತು. ಮನೀಷಾಳನ್ನು ದರದರ ಎಳೆದುಕೊಂಡು ಹೊರಟಿತು.

"ಬ್ಯಾಡ, ಮಗಳ! ಬ್ಯಾಡಬೇ!"

ದಾರಿಯಲ್ಲಿ ರಾಜಾರಾಮನ ಯಂತ್ರ. ಗರಗಸದ ಚಕ್ರ ಇನ್ನೂ ಗರಗರ ತಿರುಗುತ್ತಿತ್ತು. ಮನೀಷಾ ಎಡಗೈಯಿಂದ ಮೇಜಿನ ಅಂಚು ತಬ್ಬಿದಳು. ಬಲಗೈ ಜಗ್ಗಿತು. ಭುಜದ ಕೀಲು ಕಿರುಗುಟ್ಟಿತು. ಅವಳು ಕಣ್ಣು ಮುಚ್ಚಿದಳು. ಇಡೀ ಮೈಭಾರ ಹಾಕಿ ಬಲ ಮುಂಗೈಯನ್ನು ಚಕ್ರದ ಮೇಲೆ ಒತ್ತಿದಳು.

ಮರುದಿನ ದವಾಖಾನೆಯಲ್ಲಿ ಎಚ್ಚರವಾದಾಗ ಬಲಗೈ ಇದ್ದಲ್ಲಿ ಬರೀ ಬ್ಯಾಂಡೇಜ್ ಇತ್ತು, ಹಾಸಿಗೆಯ ಪಕ್ಕ ಪೊಲೀಸರಿದ್ದರು.

"ಅಕಿ ಅಲ್ರಿ ಸಾಹೇಬ್ರ," ಎಂದು ಅಕ್ಕುತಾಯಿ ಕೈಮುಗಿದಳು. "ಮಾಟ ಮಾಡಿದ್ದು ಅದು. ನಾ ಕಣ್ಣಾರೆ ನೋಡೀನಿ."

ಬಾಗಿಲಲ್ಲಿ ರಾಜಾರಾಮನ ಹೆಂಡತಿ ಅನುಸೂಯಾ ನಿಂತಿದ್ದಳು. ಅಳುತ್ತಿರಲಿಲ್ಲ. ಕಾಯುತ್ತಿದ್ದಳು.

ಆ ಮುಖ ನೋಡುತ್ತ ಮಾಟದ ಮಾತು ಮನೀಷಾಳ ನಾಲಗೆಗೆ ಬರಲಿಲ್ಲ.

"ಸುಮ್ನಿರು ಮಾವಶಿ," ಎಂದಳು. "ಬರ್ಕೋರಿ ಸಾಹೇಬ್ರ. ನಾನ ಹೊಡದೀನಿ."